ಮಳೆಯ ಅಳತೆಗೆ ಮುದ್ರೆ ಒತ್ತಿದ ಅನ್ನಾ ಮಣಿ: ನಮ್ಮೂರ ಹವಾಮಾನ ಕಂಬದ ಹಿಂದಿನ ಕಥೆ

ಹೋಬಳಿ ಕೇಂದ್ರದ ಸರ್ಕಾರಿ ಕಚೇರಿ ಆವರಣದಲ್ಲೋ, ಶಾಲೆ ಮೈದಾನದ ಮೂಲೆಯಲ್ಲೋ ತಂತಿ ಬೇಲಿ ಹಾಕಿದ ಒಂದು ಕಂಬವನ್ನು ನೀವು ನೋಡಿರುತ್ತೀರಿ. ತುದಿಯಲ್ಲಿ ಸಣ್ಣ ಬಟ್ಟಲುಗಳು ಗಿರಗಿರ ತಿರುಗುತ್ತಿರುತ್ತವೆ. ಪಕ್ಕದಲ್ಲಿ ಪುಟ್ಟ ಸೋಲಾರ್ ಫಲಕ, ಅದರ ಕೆಳಗೆ ಬೀಗ ಹಾಕಿದ ಒಂದು ಡಬ್ಬ, ಮಗ್ಗುಲಲ್ಲಿ ಆಕಾಶಕ್ಕೆ ಬಾಯಿ ತೆರೆದ ಒಂದು ಪಾತ್ರೆ. ಅದೇ ಸ್ವಯಂಚಾಲಿತ ಹವಾಮಾನ ಕೇಂದ್ರ. ಗಾಳಿ, ಬಿಸಿಲು, ತೇವಾಂಶ, ಮಳೆ ಎಲ್ಲವನ್ನೂ ಅಳೆದು, ಮೊಬೈಲ್ ಸಿಮ್ ಮೂಲಕ ತಾನೇ ಬೆಂಗಳೂರಿಗೆ ಕಳಿಸುತ್ತದೆ. ಅಲ್ಲಿ ಆ ಲೆಕ್ಕ ಸೇರುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಈ ಕೇಂದ್ರದ ಜಾಲದಲ್ಲಿ ಇವತ್ತು ಗ್ರಾಮ ಪಂಚಾಯಿತಿ ಮಟ್ಟದ ಆರು ಸಾವಿರಕ್ಕೂ ಹೆಚ್ಚು ಮಳೆ ಮಾಪಕಗಳಿವೆ.

ಹೊಸ ಕೇಂದ್ರವೊಂದು ಜಾಲಕ್ಕೆ ಸೇರಿದಾಗ ಫೋಟೊ ತೆಗೆಸಿಕೊಳ್ಳುವುದು, ಸುದ್ದಿ ಮಾಡುವುದು ಇದ್ದೇ ಇದೆ. ಆದರೆ ಒಂದು ಪ್ರಶ್ನೆ ಯಾರೂ ಕೇಳುವುದಿಲ್ಲ. ನಮ್ಮ ಊರಿನ ಯಂತ್ರ 40 ಮಿಲಿಮೀಟರ್ ಅಂತ ಹೇಳಿದರೆ, ಪಕ್ಕದ ತಾಲ್ಲೂಕಿನ ಯಂತ್ರ ಹೇಳುವ 40 ಮಿಲಿಮೀಟರೂ ಅದೂ ಒಂದೇನಾ? ಒಂದೇ ಅಲ್ಲದಿದ್ದರೆ ಜಾಲ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದುಕೊಂಡು ಜೀವನವಿಡೀ ದುಡಿದವರು ಅನ್ನಾ ಮಣಿ. ಅವರು ತೀರಿಕೊಂಡು ಎರಡು ದಶಕ ದಾಟಿದೆ. 2022ರಲ್ಲಿ ಅವರ ಹುಟ್ಟುಹಬ್ಬದ ದಿನ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ ಎಷ್ಟೋ ಜನ ಮೊದಲ ಬಾರಿ ಆ ಹೆಸರು ಕೇಳಿದರು. ಅವರ ಬದುಕಿನ ಮುಖ್ಯ ತಿರುವುಗಳು ನಮ್ಮ ಬೆಂಗಳೂರಿನಲ್ಲೇ ಆಗಿವೆ ಅನ್ನೋದು ಇನ್ನೂ ಕಡಿಮೆ ಜನಕ್ಕೆ ಗೊತ್ತು.

ಏಲಕ್ಕಿ ತೋಟದ ಹುಡುಗಿ

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಪೀರ್‌ಮೇಡ್‌ನಲ್ಲಿ. ಈಗ ಅದು ಕೇರಳದಲ್ಲಿದೆ. ಘಟ್ಟದ ಮೇಲಿನ, ಮಳೆ ಜೋರಾಗಿ ಸುರಿಯುವ ಊರು. ತಂದೆ ಸಿವಿಲ್ ಎಂಜಿನಿಯರ್, ಏಲಕ್ಕಿ ತೋಟಗಳ ಮಾಲೀಕರು. ಎಂಟು ಮಕ್ಕಳಲ್ಲಿ ಅನ್ನಾ ಏಳನೆಯವರು. ಆ ಕಾಲದ ಉಳ್ಳವರ ಮನೆಯಲ್ಲಿ ಗಂಡುಮಕ್ಕಳನ್ನು ದೊಡ್ಡ ಕೆಲಸಕ್ಕೆ, ಹೆಣ್ಣುಮಕ್ಕಳನ್ನು ಮದುವೆಗೆ ತಯಾರು ಮಾಡುವುದು ವಾಡಿಕೆ.

ಈ ಹುಡುಗಿಗೆ ಮಾತ್ರ ಪುಸ್ತಕದ ಹುಚ್ಚು. ಎಂಟು ವರ್ಷ ತುಂಬುವಷ್ಟರಲ್ಲಿ ಊರಿನ ಗ್ರಂಥಾಲಯದ ಮಲಯಾಳ ಪುಸ್ತಕಗಳನ್ನು ಹೆಚ್ಚುಕಡಿಮೆ ಎಲ್ಲಾ ಓದಿ ಮುಗಿಸಿದ್ದಳು, ಹನ್ನೆರಡಕ್ಕೆ ಇಂಗ್ಲಿಷ್ ಪುಸ್ತಕಗಳೂ ಖಾಲಿ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆ ಕೊಡಲು ಬಂದಾಗ ಬೇಡ ಅಂದು, ಅದರ ಬದಲು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಸಂಪುಟಗಳನ್ನು ಕೇಳಿ ಪಡೆದಳು.

1925ರಲ್ಲಿ ವೈಕಂ ಸತ್ಯಾಗ್ರಹದ ಸಮಯಕ್ಕೆ ಗಾಂಧೀಜಿ ತಿರುವಾಂಕೂರಿಗೆ ಬಂದರು. ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ಎಲ್ಲ ಜಾತಿಯವರೂ ನಡೆಯಬೇಕು ಅನ್ನುವ ಹೋರಾಟ ಅದು. ಆ ದಿನಗಳು ಚಿಕ್ಕ ಹುಡುಗಿಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತವು. ಅನ್ನಾ ಖಾದಿ ಉಡಲು ಶುರು ಮಾಡಿದರು, ಕೊನೆಯವರೆಗೂ ಬಿಡಲಿಲ್ಲ. ಅಕ್ಕಂದಿರ ಹಾಗೆ ಬೇಗ ಮದುವೆಯಾಗುವ ಬದಲು ಓದಬೇಕು ಅಂತ ತೀರ್ಮಾನಿಸಿದರು. ಮದ್ರಾಸಿಗೆ ಹೋಗಿ 1939ರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ ಆನರ್ಸ್ ಮುಗಿಸಿದರು.

ಬೆಂಗಳೂರಿನಲ್ಲಿ ವಜ್ರಗಳ ಜೊತೆ

1940ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಬೆಂಗಳೂರಿಗೆ ಬಂದರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದರು. ವಜ್ರದ ಓಲೆ ಬೇಡ ಅಂದಿದ್ದ ಹುಡುಗಿಗೆ ಇಲ್ಲಿ ಸಿಕ್ಕ ಕೆಲಸ ವಜ್ರದ್ದೇ! ಮೂವತ್ತಕ್ಕೂ ಹೆಚ್ಚು ವಜ್ರಗಳ ಮೇಲೆ ಬೆಳಕು ಬಿಟ್ಟು, ಅವು ಹೊರಸೂಸುವ ಬೆಳಕನ್ನು ಫೋಟೊ ಫಲಕದ ಮೇಲೆ ಹಿಡಿಯಬೇಕು. ಒಂದೊಂದು ಫಲಕಕ್ಕೆ 15ರಿಂದ 20 ಗಂಟೆ ಬೇಕಾಗುತ್ತಿತ್ತು. ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಮಲಗಿದ್ದುಂಟು. ತಾಳ್ಮೆಯಿಂದ ಅಳೆಯುವುದು, ಅಳೆದದ್ದನ್ನು ಮತ್ತೆ ಅಳೆದು ನೋಡುವುದು ಇಲ್ಲೇ ಕೈಗೆ ಕೂತಿತು.

ಹೆಣ್ಣುಮಕ್ಕಳಿಗೆ ಆ ವಾತಾವರಣ ಸಲೀಸಾಗಿರಲಿಲ್ಲ. ರಾಮನ್ ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಂಡ ಹೆಂಗಸರು ಬೆರಳೆಣಿಕೆಯಷ್ಟು. ಗಂಡಸರ ಜೊತೆ ಮಾತಾಡುವುದಕ್ಕೂ ಕಟ್ಟುಪಾಡು. ಸಣ್ಣ ತಪ್ಪಾದರೂ ಹೆಂಗಸಾದ್ದರಿಂದ ಹೀಗೆ ಅನ್ನುವ ಮಾತು ಬರುತ್ತಿತ್ತು ಎಂದು ಅನ್ನಾ ಮುಂದೆ ನೆನಪಿಸಿಕೊಂಡಿದ್ದಾರೆ. ಇಷ್ಟರ ನಡುವೆಯೇ 1942ರಿಂದ 1945ರ ಒಳಗೆ ವಜ್ರ ಮತ್ತು ಮಾಣಿಕ್ಯದ ಬೆಳಕಿನ ಬಗ್ಗೆ ಐದು ಸಂಶೋಧನಾ ಲೇಖನ ಪ್ರಕಟಿಸಿದರು. ಐದರಲ್ಲೂ ಲೇಖಕಿ ಅವರೊಬ್ಬರೇ.

ಸಿಗದ ಪಿಎಚ್‌.ಡಿ

1945ರ ಆಗಸ್ಟ್‌ನಲ್ಲಿ ಪ್ರಬಂಧ ಸಿದ್ಧಪಡಿಸಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಆಗಿನ ಕಾಲಕ್ಕೆ ವಿಜ್ಞಾನ ಸಂಸ್ಥೆಯ ಸಂಶೋಧಕರಿಗೆ ಪದವಿ ಕೊಡುತ್ತಿದ್ದದ್ದು ಅದೇ ವಿಶ್ವವಿದ್ಯಾಲಯ. ಅಲ್ಲಿಂದ ಬಂದ ಉತ್ತರ: ಎಂ.ಎಸ್ಸಿ ಆಗಿಲ್ಲ, ಆದ್ದರಿಂದ ಪಿಎಚ್‌.ಡಿ ಕೊಡಲು ಬರುವುದಿಲ್ಲ. ಬಿ.ಎಸ್ಸಿ ಆನರ್ಸ್ ಇದ್ದದ್ದಾಗಲೀ, ಸ್ಕಾಲರ್‌ಶಿಪ್ ಸಿಕ್ಕಿದ್ದಾಗಲೀ, ಐದು ಲೇಖನಗಳಾಗಲೀ ಲೆಕ್ಕಕ್ಕೆ ಬರಲಿಲ್ಲ. ಐದು ವರ್ಷ ದುಡಿದ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು. ಇದರಿಂದ ತಮ್ಮ ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ ಎಂದೇ ಅನ್ನಾ ಹೇಳುತ್ತಿದ್ದರು. ಕೊನೆಯವರೆಗೂ ಅವರ ಹೆಸರಿನ ಹಿಂದೆ ಪಿಎಚ್‌.ಡಿ ಪದವಿ ಬರಲೇ ಇಲ್ಲ.

ಅದೇ ವರ್ಷ ಭಾರತ ಸರ್ಕಾರ ಇಂಗ್ಲೆಂಡಿನಲ್ಲಿ ತರಬೇತಿಗೆ ವಿದ್ಯಾರ್ಥಿವೇತನ ಕೊಡುತ್ತಿತ್ತು. ಅನ್ನಾಗೆ ಬೇಕಿದ್ದದ್ದು ಭೌತಶಾಸ್ತ್ರ. ಖಾಲಿ ಇದ್ದದ್ದು ಒಂದೇ ಜಾಗ, ಹವಾಮಾನ ಉಪಕರಣಗಳ ತರಬೇತಿ. ಸಿಕ್ಕಿದ್ದನ್ನೇ ಹಿಡಿದುಕೊಂಡು, ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಲಂಡನ್‌ನ ಇಂಪೀರಿಯಲ್ ಕಾಲೇಜಿಗೆ ಸೇರಿದರು. ಉಷ್ಣಮಾಪಕ, ವಾಯುಭಾರ ಮಾಪಕ, ಗಾಳಿಯ ವೇಗ ಅಳೆಯುವ ಯಂತ್ರ, ಇವನ್ನು ಮಾಡುವುದು ಹೇಗೆ, ಸರಿ ಇದೆಯೋ ಇಲ್ಲವೋ ಅಂತ ಪರೀಕ್ಷಿಸುವುದು ಹೇಗೆ ಅನ್ನುವುದೇ ಅಲ್ಲಿ ಅವರು ಕಲಿತ ವಿದ್ಯೆ.

ಪುಣೆಯ ಕಾರ್ಯಾಗಾರ

1948ರಲ್ಲಿ ವಾಪಸು ಬಂದಾಗ ದೇಶ ಸ್ವತಂತ್ರವಾಗಿತ್ತು. ಪುಣೆಯಲ್ಲಿದ್ದ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗಕ್ಕೆ ಸೇರಿದರು. 1875ರಲ್ಲಿ ಸ್ಥಾಪನೆಯಾದ ಇಲಾಖೆ ಅದು, ಹಳೆಯದು. ಆದರೆ ಉಪಕರಣಗಳಿಗೆ ಬಹುಪಾಲು ಹೊರದೇಶವನ್ನೇ ನೋಡಬೇಕಿತ್ತು. ಯಂತ್ರ ಕೆಟ್ಟರೆ ಬಿಡಿಭಾಗಕ್ಕೆ ಹಡಗು ಕಾಯಬೇಕು. ವಿಭಾಗದ ಮುಖ್ಯಸ್ಥರಾಗಿದ್ದ ಎಸ್.ಪಿ. ವೆಂಕಟೇಶ್ವರನ್ ಅವರಿಗೆ ಎಲ್ಲವನ್ನೂ ಇಲ್ಲೇ ಮಾಡಬೇಕು ಅನ್ನುವ ಹಟ. ಅನ್ನಾ ಅದಕ್ಕೆ ಹೆಗಲು ಕೊಟ್ಟರು.

1953ರಲ್ಲಿ ಆ ವಿಭಾಗದ ಹೊಣೆ ಅವರ ಮೇಲೆ ಬಿತ್ತು. ಕೈಕೆಳಗೆ ಇದ್ದವರು 121 ಮಂದಿ, ಎಲ್ಲರೂ ಗಂಡಸರು. ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳಿಗೆ ನಕ್ಷೆ ಬರೆಸಿ, ಅಳತೆ ನಿಗದಿ ಮಾಡಿ, ತಯಾರಿಕೆ ಶುರು ಮಾಡಿಸಿದರು. ಯಾವ ಕಾರ್ಯಾಗಾರದಲ್ಲಿ ಯಾರು ಮಾಡಿದರೂ ಉಪಕರಣ ಒಂದೇ ಥರ ಇರಬೇಕು ಅನ್ನುವುದು ಆ ನಕ್ಷೆಗಳ ಉದ್ದೇಶ.

ತಕ್ಕಡಿಗೆ ಮುದ್ರೆ ಇದ್ದ ಹಾಗೆ

ಇದರ ಬೆಲೆ ಅಂಗಡಿ ಇಟ್ಟವರಿಗೆ ಬೇಗ ತಿಳಿಯುತ್ತದೆ. ನಿಮ್ಮ ತಕ್ಕಡಿ, ತೂಕದ ಬಟ್ಟುಗಳನ್ನು ಅಳತೆ ಮತ್ತು ತೂಕದ ಇಲಾಖೆಯವರು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಆ ಮುದ್ರೆ ಇರುವುದರಿಂದಲೇ ನಿಮ್ಮ ಅಂಗಡಿಯ ಒಂದು ಕಿಲೋ, ಎಪಿಎಂಸಿ ಯಾರ್ಡಿನ ಒಂದು ಕಿಲೋ ಎರಡೂ ಒಂದೇ. ಮುದ್ರೆ ಇಲ್ಲದಿದ್ದರೆ ವ್ಯಾಪಾರವೇ ಇಲ್ಲ, ಬರೀ ಜಗಳ. ಅನ್ನಾ ಮಣಿ ಮಾಡಿದ್ದು ಇದನ್ನೇ, ಮಳೆ, ಗಾಳಿ, ಬಿಸಿಲಿಗೆ.

ಒಂದು ಉದಾಹರಣೆ ನೋಡಿ. ಹವಾಮಾನ ಇಲಾಖೆಯ ಸಾಮಾನ್ಯ ಮಳೆ ಮಾಪಕದಲ್ಲಿ ನೀರು ಹಿಡಿಯುವ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್ ಇರುವುದೂ ಉಂಟು, 100 ಇರುವುದೂ ಉಂಟು. ಬಾಯಿ 200 ಇದ್ದರೆ, 10 ಮಿಲಿಮೀಟರ್ ಮಳೆಗೆ ಒಳಗೆ 200 ಮಿಲಿಲೀಟರ್ ನೀರು ಸೇರುತ್ತದೆ. ಅದನ್ನು ಅಳೆಯುವ ಗಾಜಿನ ಕೊಳವೆಯೂ ಅದಕ್ಕೇ ಮಾಡಿದ್ದಾಗಿರಬೇಕು. ಅಪ್ಪಿತಪ್ಪಿ 100ರ ಮಾಪಕದ ಕೊಳವೆ ಬಳಸಿದರೆ, ಬಿದ್ದ 10 ಮಿಲಿಮೀಟರ್ ಮಳೆ ಪುಸ್ತಕದಲ್ಲಿ 20 ಆಗುತ್ತದೆ. ಮಳೆಯೂ ನಿಜ, ನೀರೂ ನಿಜ, ಬರೆದ ಲೆಕ್ಕ ಮಾತ್ರ ಸುಳ್ಳು. ಬಾಯಿಯ ಅಂಚು ಸೊಟ್ಟಗಾದರೂ, ಪಾತ್ರೆ ಒಂದು ಕಡೆ ವಾಲಿದರೂ ಇದೇ ಕಥೆ.

ಅದಕ್ಕೇ ಹೊಸ ಉಪಕರಣವನ್ನು ಒಂದು ಮಾದರಿ ಉಪಕರಣದ ಪಕ್ಕ ಇಟ್ಟು, ಎರಡನ್ನೂ ಒಂದೇ ಗಾಳಿ, ಒಂದೇ ಬಿಸಿಲಿನಲ್ಲಿ ಓಡಿಸಿ, ವ್ಯತ್ಯಾಸ ಎಷ್ಟು ಅಂತ ಬರೆದುಕೊಳ್ಳಬೇಕು. ದೇಶದ ಮಾದರಿ ಉಪಕರಣವನ್ನು ಆಗಾಗ ಬೇರೆ ದೇಶದ ಮಾದರಿಗಳ ಜೊತೆಗೂ ತಾಳೆ ನೋಡಬೇಕು. ಬೇಸರದ ಕೆಲಸ, ಹೆಸರೂ ಬರುವುದಿಲ್ಲ. ಈ ವಿಷಯದಲ್ಲಿ ಅನ್ನಾ ಕಟ್ಟುನಿಟ್ಟು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ವಾಸಿ ಅನ್ನುವುದು ಅವರ ಖಚಿತ ನಿಲುವು. ಅಳತೆ ಇಲ್ಲ ಅಂದರೆ ಜನ ಹುಷಾರಾಗಿರುತ್ತಾರೆ, ತಪ್ಪು ಅಳತೆ ಇದ್ದರೆ ಅದನ್ನೇ ನಂಬಿ ಕೆಡುತ್ತಾರೆ.

ಬಿಸಿಲಿಗೂ ಒಂದು ಲೆಕ್ಕ

1957–58 ಅಂತರರಾಷ್ಟ್ರೀಯ ಭೂಭೌತ ವರ್ಷ. ಜಗತ್ತಿನ ಹಲವು ದೇಶಗಳು ಒಟ್ಟಾಗಿ ಭೂಮಿ, ಸಾಗರ, ಆಕಾಶವನ್ನು ಅಳೆಯಲು ಹೊರಟಿದ್ದವು. ಆ ಸಂದರ್ಭಕ್ಕೆ ಭಾರತದಲ್ಲಿ ಸೂರ್ಯನ ಶಾಖ ಎಷ್ಟು ನೆಲ ಮುಟ್ಟುತ್ತದೆ ಅಂತ ಅಳೆಯುವ ಕೇಂದ್ರಗಳ ಜಾಲವನ್ನು ಅನ್ನಾ ಕಟ್ಟಿದರು. ಮೊದಮೊದಲು ವಿದೇಶಿ ಉಪಕರಣ, ಆಮೇಲೆ ಅದನ್ನೂ ಇಲ್ಲೇ ಮಾಡಿಸಿದರು. ಬಿಸಿಲಿಗೆ ಬರವಿಲ್ಲದ ನಾಡಿನಲ್ಲಿ ಬಿಸಿಲನ್ನು ಯಾಕೆ ಅಳೀಬೇಕು ಅಂತ ಆಗ ಅನ್ನಿಸಿರಬಹುದು. ಇವತ್ತು ಮನೆ ಮಾಳಿಗೆಗೆ, ಕೊಳವೆಬಾವಿಗೆ ಸೋಲಾರ್ ಹಾಕುವವರು ದಿನಕ್ಕೆ ಎಷ್ಟು ಯುನಿಟ್ ಬರುತ್ತೆ ಅಂತ ಕೇಳುತ್ತೀರಲ್ಲ, ಆ ಉತ್ತರ ಹುಟ್ಟುವುದು ಇಂಥ ಅಳತೆಗಳಿಂದ.

1960ರ ದಶಕದಲ್ಲಿ ಓಜೋನ್ ಪದರ ಅಳೆಯುವ ಉಪಕರಣ ತಯಾರಿಸಿದರು. ಬಲೂನಿಗೆ ಕಟ್ಟಿ ಮೇಲಕ್ಕೆ ಬಿಡುವ ಸಾಧನ ಅದು. ಅಂಥದ್ದು ಆಗ ಬೆರಳೆಣಿಕೆಯ ದೇಶಗಳ ಬಳಿ ಮಾತ್ರ ಇತ್ತು. ಓಜೋನ್ ಬಗ್ಗೆ ಜಗತ್ತು ಗಾಬರಿಯಾಗಿದ್ದು 1980ರ ದಶಕದಲ್ಲಿ. ಅಷ್ಟು ಹೊತ್ತಿಗಾಗಲೇ ಭಾರತದ ಬಳಿ ತನ್ನದೇ ಆದ ಲೆಕ್ಕ ಇತ್ತು. 1963ರಲ್ಲಿ ವಿಕ್ರಂ ಸಾರಾಭಾಯಿ ಕೇಳಿಕೊಂಡ ಮೇಲೆ, ತಿರುವನಂತಪುರದ ಬಳಿಯ ತುಂಬಾ ರಾಕೆಟ್ ಉಡಾವಣಾ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ಎಬ್ಬಿಸಿಕೊಟ್ಟರು. ವಿಶ್ವ ಹವಾಮಾನ ಸಂಸ್ಥೆಯ ಕೆಲಸಗಳಲ್ಲೂ ಅವರಿಗೆ ಸ್ಥಾನ ಸಿಕ್ಕಿತು.

1976ರಲ್ಲಿ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು.

ಮತ್ತೆ ಬೆಂಗಳೂರಿಗೆ

ನಿವೃತ್ತಿ ಆದ ಮೇಲೆ ಅನ್ನಾ ಸುಮ್ಮನೆ ಕೂರಲಿಲ್ಲ. ಬೆಂಗಳೂರಿಗೆ ಬಂದು ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದರು. ಮಾನ್ಯತೆ ಸಿಗದ ಅವರ ಪ್ರಬಂಧ ಇದ್ದದ್ದೂ ಅದೇ ಸಂಸ್ಥೆಯ ಗ್ರಂಥಾಲಯದಲ್ಲಿ. ಭಾರತದ ಸೌರ ವಿಕಿರಣದ ಅಂಕಿಅಂಶಗಳ ಕೈಪಿಡಿ 1980ರಲ್ಲಿ ಅವರ ಹೆಸರಲ್ಲಿ ಹೊರಬಂತು. ಸೋಲಾರ್ ಕೆಲಸ ಮಾಡುವ ಎಂಜಿನಿಯರುಗಳು ಬಹಳ ವರ್ಷ ಅದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು.

ಆಮೇಲೆ ಗಾಳಿಯ ಸರದಿ. ಗಾಳಿಯಿಂದ ಕರೆಂಟ್ ತೆಗೆಯಬೇಕು ಅಂದರೆ ಯಾವ ಗುಡ್ಡದ ಮೇಲೆ ವರ್ಷವಿಡೀ ಎಷ್ಟು ಗಾಳಿ ಬೀಸುತ್ತದೆ ಅಂತ ಮೊದಲು ಗೊತ್ತಿರಬೇಕು. ದೇಶದ ಉದ್ದಗಲಕ್ಕೂ ನೂರಾರು ಜಾಗಗಳಲ್ಲಿ ಗಾಳಿಯ ವೇಗ ಅಳೆಯುವ ಸಮೀಕ್ಷೆಗೆ ಅನ್ನಾ ನೇತೃತ್ವ ವಹಿಸಿದರು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಈಗ ಕಾಣುವಂಥ ಗಾಳಿಯಂತ್ರಗಳು ದೇಶದಲ್ಲಿ ಸಾಲುಸಾಲಾಗಿ ಏಳುವ ಮುಂಚಿನ ತಳಪಾಯದ ಕೆಲಸ ಇದು. ಗಾಳಿಯ ವೇಗ, ಸೌರಶಕ್ತಿ ಅಳೆಯುವ ಉಪಕರಣ ಮಾಡುವ ಚಿಕ್ಕ ಕಾರ್ಖಾನೆಯೊಂದನ್ನೂ ಬೆಂಗಳೂರಿನಲ್ಲಿ ನಡೆಸಿದರು.

1987ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕೆ.ಆರ್. ರಾಮನಾಥನ್ ಪದಕ ಕೊಟ್ಟಿತು. ಮದುವೆಯಾಗಿರಲಿಲ್ಲ. ಬೆಟ್ಟ ಹತ್ತುವುದು, ಹಕ್ಕಿ ನೋಡುವುದು ಇಷ್ಟ. 1994ರಲ್ಲಿ ಪಾರ್ಶ್ವವಾಯು ಹೊಡೆದು ಓಡಾಟ ನಿಂತಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು. 83 ತುಂಬಲು ಇನ್ನೊಂದೇ ವಾರ ಇತ್ತು.

ನಮ್ಮೂರ ಕಂಬಕ್ಕೂ ಇದಕ್ಕೂ ಏನು ಸಂಬಂಧ?

ಹಿಂದೆ ಹಳ್ಳಿಯಲ್ಲಿ ಮಳೆಗೆ ಬೇರೆ ಲೆಕ್ಕ ಇತ್ತು. ಸೋನೆ, ಜಡಿಮಳೆ, ಉಳುಮೆಗೆ ಹದ ಮಳೆ ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಬಿತ್ತನೆಗೆ ಆ ಲೆಕ್ಕ ಈಗಲೂ ಸಾಕು. ಆದರೆ ಈಗ ಮಳೆಯ ಲೆಕ್ಕದ ಮೇಲೆ ದುಡ್ಡು ನಿಂತಿದೆ. ಅಡಿಕೆ, ಕಾಳುಮೆಣಸು ಬೆಳೆಗಾರರು ಕಟ್ಟುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ಕೊಳೆರೋಗ ಎಷ್ಟಾಗಿದೆ ಅಂತ ಎಣಿಸುವುದಿಲ್ಲ. ಆ ಭಾಗದ ಹವಾಮಾನ ಯಂತ್ರ ಎಷ್ಟು ದಿನ ಎಷ್ಟು ಮಳೆ ತೋರಿಸಿತು ಅನ್ನುವುದರ ಮೇಲೆ ಪರಿಹಾರ ತೀರ್ಮಾನವಾಗುತ್ತದೆ. ಮಾಪಕದ ಬಾಯಿಗೆ ತರಗೆಲೆ ಕಟ್ಟಿಕೊಂಡು ನೀರು ಇಳಿಯದಿದ್ದರೆ, ತೋಟ ಕೊಳೆತರೂ ದಾಖಲೆಯಲ್ಲಿ ಮಳೆ ಇಲ್ಲ. ರೈತನ ಕೈಗೆ ದುಡ್ಡು ಬರದಿದ್ದರೆ ಗೊಬ್ಬರದ ಅಂಗಡಿಯ ಬಾಕಿಯೂ ತೀರುವುದಿಲ್ಲ, ಜವಳಿ ಅಂಗಡಿಯ ಹಬ್ಬದ ವ್ಯಾಪಾರವೂ ಇಲ್ಲ.

ಯಂತ್ರ ಕೆಲಸ ಮಾಡುವ ಬಗೆ ಸರಳ. ಪಾತ್ರೆಯ ಒಳಗೆ ಮಕ್ಕಳ ಏತದ ಆಟದ ಹಲಗೆ ಥರ ಎರಡು ಪುಟ್ಟ ಬಟ್ಟಲು ಇರುತ್ತವೆ. ಒಂದು ತುಂಬಿದ ಕೂಡಲೇ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದು ಸಲ ಮಗುಚಿದರೆ ಮಾದರಿಯ ಪ್ರಕಾರ 0.2 ಅಥವಾ 0.5 ಮಿಲಿಮೀಟರ್ ಹೀಗೆ ಲೆಕ್ಕ. ಎಷ್ಟು ಸಲ ಮಗುಚಿತು ಅಂತ ಎಣಿಸಿ ಯಂತ್ರ ಸುದ್ದಿ ಕಳಿಸುತ್ತದೆ. ಒಳಗೆ ಧೂಳು ಮೆತ್ತಿಕೊಂಡು ಬಟ್ಟಲು ಬೇಗ ಅಥವಾ ತಡವಾಗಿ ಮಗುಚಿದರೆ, ನೂರು ಮಿಲಿಮೀಟರಿನ ಮಳೆಗೆ ಹತ್ತು ಆಚೀಚೆ ಆಗುವುದು ದೊಡ್ಡ ಮಾತಲ್ಲ. ಹತ್ತು ಮಿಲಿಮೀಟರ್ ಅಂದರೆ ಒಂದು ಎಕರೆಗೆ ಸುಮಾರು 40 ಸಾವಿರ ಲೀಟರ್, ಅಂದರೆ ಐದು ಸಾವಿರ ಲೀಟರಿನ ಎಂಟು ಟ್ಯಾಂಕರ್ ನೀರು.

ಹಾಗಾಗಿ ಕಂಬ ನಿಂತ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಅಳತೆ ಗೊತ್ತಿರುವ ನೀರು ಹೊಯ್ದು ಯಂತ್ರ ಸರಿಯಾಗಿ ಎಣಿಸುತ್ತಾ ಅಂತ ಆಗಾಗ ನೋಡಬೇಕು. ಪುಣೆಯ ಉಪಕರಣ ವಿಭಾಗದಲ್ಲಿ ಅನ್ನಾ ಮಣಿ ರೂಢಿ ಮಾಡಿದ್ದು ಇದನ್ನೇ. ಆ ಪರೀಕ್ಷೆ ತಾಂತ್ರಿಕ ಸಿಬ್ಬಂದಿಯ ಕೆಲಸ, ನಾವು ಬೀಗ ತೆಗೆಯುವ ಹಾಗಿಲ್ಲ. ಆದರೆ ಬೇಲಿಯ ಹೊರಗೆ ನಿಂತು ನೋಡಬಹುದಾದದ್ದು ಸಾಕಷ್ಟಿದೆ:

– ಮಾಪಕದ ಹತ್ತಿರ ಮರದ ಕೊಂಬೆ, ಹೊಸ ಕಟ್ಟಡ, ಜಾಹೀರಾತು ಫಲಕ ಬಂದಿದೆಯಾ? ಅಡ್ಡ ಇರುವ ವಸ್ತುವಿನ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕು.

– ಪಾತ್ರೆಯ ಬಾಯಿಯಲ್ಲಿ ಎಲೆ, ಹಕ್ಕಿಗೂಡು, ಜೇಡರ ಬಲೆ ಕಾಣುತ್ತಿದೆಯಾ?

– ಕಂಬ ವಾಲಿದೆಯಾ? ಗಾಳಿ ಇದ್ದರೂ ಬಟ್ಟಲುಗಳು ತಿರುಗದೆ ನಿಂತಿವೆಯಾ?

– ಸೋಲಾರ್ ಫಲಕದ ಮೇಲೆ ಧೂಳು ಕೂತಿದೆಯಾ? ಯಾರಾದರೂ ಅದಕ್ಕೆ ಬಟ್ಟೆ ಒಣಹಾಕಿದ್ದಾರಾ?

ಇದರಲ್ಲಿ ಯಾವುದಾದರೂ ಕಂಡರೆ ಫೋಟೊ ತೆಗೆದು, ದಿನಾಂಕ ಹಾಕಿ, ಗ್ರಾಮ ಪಂಚಾಯಿತಿಗೋ ರೈತ ಸಂಪರ್ಕ ಕೇಂದ್ರಕ್ಕೋ ಲಿಖಿತವಾಗಿ ಕೊಡಿ. ಸ್ವೀಕೃತಿ ಇಟ್ಟುಕೊಳ್ಳಿ. ವಿಮೆ ಹಣದ ವಿಷಯದಲ್ಲಿ ತಕರಾರು ಬಂದಾಗ ಆ ಕಾಗದ ಕೆಲಸಕ್ಕೆ ಬರುತ್ತದೆ. ಮುಂಗಾರು ಹಿಡಿದ ಮೇಲೆ ನೋಡುವುದಕ್ಕಿಂತ ಮೇ ತಿಂಗಳಲ್ಲೇ ಒಂದು ಸುತ್ತು ನೋಡಿಬಿಡುವುದು ಒಳ್ಳೆಯದು.